ಗಂಟಲು ನೋಯುವಷ್ಟು ಬೋರು

ಮೊನ್ನೆ ಶನಿವಾರ, ಟೆಕ್ಸಸ್‌ನಲ್ಲಿ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್ ಊರಿನಲ್ಲಿ, ಒಬ್ಬ ಅಂಕಲ್ ತಮ್ಮ ಮಗನನ್ನು ನನ್ನ ಹತ್ತಿರ ಬಿಟ್ಟು ಹೊರಟರು. ಹೊರಡುವ ಮೊದಲು ಕಾರಿನ ಕಿಟಕಿ ಇಳಿಸಿ, ಜಿಮ್ಮಿನ ಕೋಚಿಗೆ ಹೇಳುವ ಹಾಗೆ ಹೇಳಿದರು:

"ಸ್ವಲ್ಪ ಸ್ಟ್ರಾಂಗ್ ಮಾಡಿ ಕಳಿಸಪ್ಪ. ತುಂಬಾ ಸಾಫ್ಟ್ ಆಗ್ಬಿಟ್ಟಿದ್ದಾನೆ, ಅವರಮ್ಮನ ಥರ."

ಹುಡುಗ ಪಕ್ಕದಲ್ಲೇ ನಿಂತಿದ್ದ. ಮಾತಾಡುವುದು ಇಂಗ್ಲಿಷಿನಲ್ಲಿ, ಆದರೆ ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ. ಇಲ್ಲಿನ ಅಪ್ಪಂದಿರು ಇದೊಂದನ್ನು ಮರೆತುಬಿಡುತ್ತಾರೆ. ಮಗ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾನೆ ಎಂದಮಾತ್ರಕ್ಕೆ ಕನ್ನಡದ ಚುಚ್ಚುಮಾತು ಅವನಿಗೆ ನಾಟುವುದಿಲ್ಲ ಅಂದುಕೊಂಡಿರುತ್ತಾರೆ. ನಾಟುತ್ತದೆ ಸ್ವಾಮಿ. ನೀವು ಕಾರು ತಿರುಗಿಸಿಕೊಂಡು ಹೋದ ಮೇಲೂ ಅಲ್ಲೇ ಇರುತ್ತದೆ. ನಾನು ಸೈಕಾಲಜಿ ಓದಿದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗು. ಲೈಬ್ರರಿಯಿಂದ ತಂದ ಪುಸ್ತಕ, ಆಫೀಸಿಗೆ ಡ್ರೈವ್ ಮಾಡುವಾಗ ಕೇಳಿದ ಪಾಡ್‌ಕಾಸ್ಟು, ಸಿಕ್ಕವರನ್ನೆಲ್ಲ ಹಿಡಿದು ಕೇಳಿದ ಪ್ರಶ್ನೆ, ಇಷ್ಟೇ ನನ್ನ ವಿದ್ಯೆ. ಶನಿವಾರ ಬೆಳಿಗ್ಗೆ ಒಂದು ಬಾಡಿಗೆ ರೂಮಿನಲ್ಲಿ ನಮ್ಮ ಕನ್ನಡದವರ ಗಂಡುಹುಡುಗರ ಜೊತೆ ಕೂತು ಇಸ್ಪೀಟು ಆಡುತ್ತೇನೆ, ಮಾತಾಡುತ್ತೇನೆ. ಯಾರಿಗಾದರೂ ನಿಜವಾಗಿ ಕಷ್ಟ ಇದೆ ಅನ್ನಿಸಿದರೆ ಲೈಸೆನ್ಸ್ ಇರುವ ಥೆರಪಿಸ್ಟರ ಹತ್ತಿರ ಕರೆದುಕೊಂಡು ಹೋಗಿ ಎಂದು ಅಪ್ಪ ಅಮ್ಮನಿಗೆ ಹೇಳುತ್ತೇನೆ. ಅರ್ಧ ಜನ ಆಮೇಲೆ ನನ್ನ ಫೋನ್ ಎತ್ತುವುದಿಲ್ಲ. ನಿನಗ್ಯಾಕೆ ಈ ಉಸಾಬರಿ ಎಂದು ಎಲ್ಲರೂ ಕೇಳುತ್ತಾರೆ. ಯಾಕೆಂದರೆ ನಾನು ಒಂದು ವರ್ಷ, ಗಂಡಸರೇ ಇದ್ದ ಒಂದು ಮನೆಯಲ್ಲಿ ಬೆಳೆದೆ. ಆ ವರ್ಷ ನೆನೆಸಿಕೊಂಡರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ನಮ್ಮ ಮನೆ ಇದ್ದದ್ದು ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ. ಇಟ್ಟಿಗೆ ಮುಖದ ಎರಡಂತಸ್ತಿನ ಮನೆ. ಅದರ ಎಡಕ್ಕೂ ಬಲಕ್ಕೂ ಎದುರಿಗೂ ಅಂಥದೇ ಇಟ್ಟಿಗೆ ಮುಖದ ಮನೆಗಳು. ಮುಂಬಾಗಿಲು ತೆಗೆಯುತ್ತಿದ್ದದ್ದು ಪಿಜ್ಜಾದವನಿಗೆ, ಸತ್ಯನಾರಾಯಣ ಪೂಜೆಗೆ ಬಂದವರಿಗೆ ಮಾತ್ರ. ನಾವೆಲ್ಲ ಗ್ಯಾರೇಜಿನಿಂದಲೇ ಒಳಗೆ ಹೊರಗೆ ಓಡಾಡುವವರು. ಗ್ಯಾರೇಜಿನಿಂದ ಒಳಕ್ಕೆ ಕಾಲಿಟ್ಟರೆ ಬಟ್ಟೆ ಒಗೆಯುವ ಮೆಷಿನ್ನಿನ ಇಕ್ಕಟ್ಟು ರೂಮು, ಅದನ್ನು ದಾಟಿದರೆ ಅಡುಗೆಮನೆ. ಅಕ್ಕಿ ಮೂಟೆ ಇಡುವ ಪ್ಯಾಂಟ್ರಿಯ ಮೇಲಿನ ಶೆಲ್ಫಿನಲ್ಲಿ ದೇವರು. ಕೆಳಗಿನ ರೂಮು ಅಜ್ಜನದು, ಅಪ್ಪನ ಅಪ್ಪ. ಧಾರವಾಡದಿಂದ ಬಂದು ನಮ್ಮ ಜೊತೆಗೇ ಉಳಿದಿದ್ದ. ಅವನ ರೂಮಿಗೆ ಹೋದರೆ ಮಂಡಿಗೆ ಹಚ್ಚುವ ಎಣ್ಣೆಯ ವಾಸನೆ. ನನಗೆ ಕನ್ನಡ ಓದು ಬರಹ ಕಲಿಸಿದ್ದು ಅವನೇ, ಅದೇ ವಾಸನೆಯ ಮಧ್ಯೆ ಕೂರಿಸಿಕೊಂಡು. ಅಪ್ಪ ಪೈಪ್‌ಲೈನ್ ಎಂಜಿನಿಯರು, ಆಫೀಸು ಹತ್ತಿರದಲ್ಲೇ, ಎಣ್ಣೆ ಕಂಪನಿಗಳಿರುವ ಎನರ್ಜಿ ಕಾರಿಡಾರಿನಲ್ಲಿ. ಅಮ್ಮ ಮೈಸೂರಿನವಳು, ಚಿಪ್ ಡಿಸೈನ್ ಓದಿದವಳು. ಹ್ಯೂಸ್ಟನ್ನಿನಲ್ಲಿ ಅವಳ ಓದಿಗೆ ತಕ್ಕ ಕೆಲಸವೇ ಸಿಗದೆ ಎಷ್ಟೋ ಕಾಲ ಯಾವುದೋ ಬ್ಯಾಂಕಿನ ಬಿಲ್ಲಿಂಗ್ ಸಾಫ್ಟ್‌ವೇರು ನೋಡಿಕೊಂಡಿದ್ದಳು. ನಾನು ನಾಲ್ಕನೇ ಗ್ರೇಡಿಗೆ ಹೋಗುವ ಹೊತ್ತಿಗೆ, ಕಾರಿನಲ್ಲಿ ಎರಡೂವರೆ ಗಂಟೆ ದೂರದ ಆಸ್ಟಿನ್ನಿನಲ್ಲಿ ಅವಳಿಗೆ ಬೇಕಾದ ಕೆಲಸವೇ ಸಿಕ್ಕಿತು. ಅಲ್ಲೊಂದು ಸಣ್ಣ ಅಪಾರ್ಟ್‌ಮೆಂಟು ಹಿಡಿದಳು. ಭಾನುವಾರ ಸಂಜೆ ಹೋಗುವುದು, ಶುಕ್ರವಾರ ಸಂಜೆ ಬರುವುದು ಎಂದು ಮಾತಾಯಿತು. ಅಪ್ಪ ಒಪ್ಪಿದ. ಅದರಲ್ಲಿ ಅವನನ್ನು ನಾನು ದೂರುವುದಿಲ್ಲ. ಎಷ್ಟೋ ಗಂಡಂದಿರು ಅಷ್ಟೂ ಒಪ್ಪುವುದಿಲ್ಲ.

ಅಮ್ಮ ಇಲ್ಲದ ಮನೆಗೆ ಅಪ್ಪ 'ಬಾಯ್ಸ್ ಹಾಸ್ಟೆಲ್' ಎಂದು ಹೆಸರಿಟ್ಟ. ಮೊದಲ ವಾರ ನನಗೂ ಅದು ಮಜವಾಗಿಯೇ ಕೇಳಿಸಿತು. ಊಟದ ಟೇಬಲ್ಲಿನ ಮೇಲೆ ಲಾಂಡ್ರಿ ಬಟ್ಟೆ ಗುಡ್ಡೆ ಬಿತ್ತು, ನಾವು ತಟ್ಟೆ ಹಿಡಿದು ಟಿವಿ ಮುಂದೆ ಕೂರತೊಡಗಿದೆವು. ಅಜ್ಜ ಚಪಾತಿ ಲಟ್ಟಿಸುತ್ತಿದ್ದ, ಅಪ್ಪ ಕುಕ್ಕರ್ ಇಡುತ್ತಿದ್ದ. ಅಮ್ಮ ಮಾಡಿಟ್ಟು ಹೋದ ಹುಳಿ ಬುಧವಾರದ ಹೊತ್ತಿಗೆ ಖಾಲಿಯಾದರೆ ಮೊಸರು, ಶೇಂಗಾ ಚಟ್ನಿಪುಡಿ. ಊಟಕ್ಕೆ ಏನೂ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮಾತಿಗೆ. ಊಟ ಆತೇನು, ಹೋಂವರ್ಕ್ ಆತೇನು, ಹಲ್ಲು ತಿಕ್ಕಿದೇನು, ಮನೆಯ ಪ್ರಶ್ನೆಗಳೆಲ್ಲ ಹೂಂ ಅಥವಾ ಊಹೂಂ ಅಂದರೆ ಮುಗಿಯುವಂಥವು. ಅಮ್ಮ ಇದ್ದಾಗ 'ಮುಖ ಯಾಕೆ ಹೀಗಿದೆ' ಎಂಬ ಒಂದು ಪ್ರಶ್ನೆ ಮನೆಯಲ್ಲಿ ಓಡಾಡಿಕೊಂಡಿತ್ತು. ಅದು ಅವಳ ಜೊತೆ ಕಾರು ಹತ್ತಿ ಆಸ್ಟಿನ್ನಿಗೆ ಹೋಯಿತು.

ಅವಳು ಹೊರಟ ಮೊದಲ ಭಾನುವಾರ ನಾನು ಅತ್ತೆ. ಸಣ್ಣಗೆ ಅಳಲಿಲ್ಲ. ಕಾರಿನ ಬಾಗಿಲಿನ ಹ್ಯಾಂಡಲ್ ಹಿಡಿದು ಜೋತುಬಿದ್ದೆ, ಅವಳ ಚೂಡಿದಾರದ ವೇಲು ನನ್ನ ಮೂಗಿನ ಸಿಂಬಳದಲ್ಲಿ ಒದ್ದೆಯಾಯಿತು. ಅಪ್ಪ ನನ್ನನ್ನು ಎತ್ತಿಕೊಂಡು ಲಾಂಡ್ರಿ ರೂಮಿಗೆ ತಂದು ಬಾಗಿಲು ಹಾಕಿದ. ಹೊಡೆಯಲಿಲ್ಲ, ಬೈಯಲೂ ಇಲ್ಲ. ಮೆಷಿನ್ನಿನ ಮೇಲೆ ಕೂರಿಸಿ, ತನ್ನ ಕರ್ಚೀಫಿನಿಂದ ನನ್ನ ಮುಖ ಒರೆಸುತ್ತಾ, ತುಂಬಾ ಮೆತ್ತಗೆ ಹೇಳಿದ:

"ನೀ ಹಿಂಗ ಅತ್ತರ ಆಕಿ ಹೆಂಗ ಡ್ರೈವ್ ಮಾಡ್ತಾಳ ಹೇಳು? ಕಣ್ಣಾಗ ನೀರು ತುಂಬಿಕೊಂಡು ಹೈವೇ ಮ್ಯಾಲೆ ಹೋದರ ಏನಾಗ್ತದ ಗೊತ್ತದ ಇಲ್ಲೋ? ನಕ್ಕೋತ ಟಾಟಾ ಮಾಡು. ಗಂಡಸು ಇದ್ದಿ ನೀ."

ನನ್ನ ಸಿಟ್ಟು ಇರುವುದು ಇಲ್ಲೇ ನೋಡಿ, ಈ ಮೆತ್ತನೆಯ ದನಿಯ ಮೇಲೆ. ಹೊಡೆದಿದ್ದರೆ ಕೆನ್ನೆ ತೋರಿಸಿ ಇಲ್ಲಿ ಹೊಡೆದ ಅನ್ನಬಹುದಿತ್ತು. ಇದನ್ನು ಎಲ್ಲಿ ತೋರಿಸಲಿ? ಅಪ್ಪ ಹೇಳಿದ್ದು ಪ್ರೀತಿಯಿಂದ, ಅಮ್ಮನ ಮೇಲಿನ ಕಾಳಜಿಯಿಂದ. ಆದರೆ ಒಂಬತ್ತು ವರ್ಷದ ನಾನು ಕೇಳಿಸಿಕೊಂಡದ್ದು ಏನು? ನಾನು ಅತ್ತರೆ ಅಮ್ಮ ಸಾಯುತ್ತಾಳೆ. ನಾನು ಹಲ್ಲು ಬಿಟ್ಟು ನಕ್ಕರೆ ಬದುಕುತ್ತಾಳೆ. ಅಷ್ಟೇ. ಗಂಡಸುತನದ ಮೊದಲ ಪಾಠ ನನಗೆ ಹೀಗಾಯಿತು, ಒಂದು ಆಕ್ಸಿಡೆಂಟಿನ ಬೆದರಿಕೆಯ ಜೊತೆ. ಆಮೇಲೆ ಪ್ರತಿ ಭಾನುವಾರ ನಾನು ಮೇಲ್‌ಬಾಕ್ಸಿನ ಪಕ್ಕ ನಿಂತು ನಗುತ್ತಿದ್ದೆ. ಫೋಟೋಗೆ ನಗುವ ಹಾಗೆ, ದವಡೆ ನೋಯುವ ಹಾಗೆ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಕೈ ಇಳಿಸುತ್ತಿರಲಿಲ್ಲ, ಕನ್ನಡಿಯಲ್ಲಿ ನೋಡಿಬಿಟ್ಟರೆ ಅಂತ. ಹಿಂದಿನಿಂದ ಅಪ್ಪ ಶಾಬಾಸ್ ಅನ್ನುತ್ತಿದ್ದ. ಅಮ್ಮ ತಲುಪಿದೆ ಎಂದು ಫೋನ್ ಮಾಡುವವರೆಗೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಮಾಡಿದ ಮೇಲೂ ಇಳಿಯುತ್ತಿರಲಿಲ್ಲ. ಬಾಗಿಲ ಬಳಿ ಅತ್ತ ಹುಡುಗನಿಗೆ ಒಂದು ಹೊತ್ತು ಕಣ್ಣು ಕೆಂಪಗಿರುತ್ತದೆ. ನಕ್ಕ ಹುಡುಗನಿಗೆ ವಾರವಿಡೀ ಗಂಟಲು ಕಟ್ಟಿರುತ್ತದೆ. ಇದನ್ನು ಯಾವ ಪುಸ್ತಕದಿಂದಲೂ ನಾನು ಕಲಿತದ್ದಲ್ಲ.

ವಾರದ ಮಧ್ಯೆ ಸಂಜೆ ಅಮ್ಮ ಫೋನ್ ಮಾಡುತ್ತಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಫೋನ್ ಸ್ಪೀಕರಿನಲ್ಲಿ ಇಟ್ಟು ಅಪ್ಪ ಪಕ್ಕದಲ್ಲೇ ಪಾತ್ರೆ ತೊಳೆಯುತ್ತಿದ್ದ. ಅವಳು ಕೇಳುವುದು ಒಂದೇ:

"ಬೇಜಾರಾಗ್ತಿದೆಯಾ ಪುಟ್ಟ?"

"ನೋ ಅಮ್ಮ. ಐಯಾಮ್ ನಾಟ್ ಬೋರ್ಡ್."

ಅಪ್ಪ ಸೋಪಿನ ಕೈಯಲ್ಲೇ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದ. ಆ ಕಡೆ ಅಮ್ಮ, ಸರಿ ಮತ್ತೆ, ಊಟ ಮಾಡು ಅನ್ನುತ್ತಿದ್ದಳು.

ಈ ಬೇಜಾರು ಎನ್ನುವ ಪದದ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನನ್ನ ಪಾಡೆಲ್ಲ ಅದರಲ್ಲೇ ಇದೆ. ಕನ್ನಡದಲ್ಲಿ ಇದು ದೊಡ್ಡ ಚೀಲ. ಯಾರೋ ಸತ್ತರೂ ಬೇಜಾರು, ಯಾರೋ ಮಾತಿಗೆ ನೋಯಿಸಿದರೂ ಬೇಜಾರು, ಟಿವಿಯಲ್ಲಿ ಏನೂ ಚೆನ್ನಾಗಿಲ್ಲದಿದ್ದರೂ ಬೇಜಾರು. ಅಜ್ಜನ ಬಾಯಲ್ಲಿ ಅದು ಬ್ಯಾಸರ. ನಾನು ಬೆಳೆದದ್ದು ಎರಡು ಭಾಷೆಯ ನಡುವೆ. ಬೇಜಾರಾದರೆ ಬುಕ್ ಓದು ಎಂದು ಅಮ್ಮ ಹೇಳಿದ್ದಳು, ಸ್ಕೂಲಿನಲ್ಲಿ ಬೋರ್ ಆದರೆ ಬುಕ್ ಓದು ಎಂದು ಟೀಚರ್ ಹೇಳಿದ್ದಳು. ಅಲ್ಲಿಗೆ ನನ್ನ ತಲೆಯಲ್ಲಿ ಲೆಕ್ಕ ಸರಿಹೋಯಿತು. ಬೇಜಾರಿಗೆ ಇಂಗ್ಲಿಷಿನಲ್ಲಿ ಬೋರ್ಡ್. ನನ್ನ ಗಂಟಲಿನಲ್ಲಿ ಕೂತದ್ದಕ್ಕೆ ಬೇಜಾರು ಎಂದು ಹೆಸರು, ಆದ್ದರಿಂದ ನಾನು ಬೋರ್ಡ್. ಇಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳು ಎಷ್ಟು ಜನ ಇದೇ ತಪ್ಪು ಮಾಡುತ್ತಾರೋ ನನಗೆ ಗೊತ್ತಿಲ್ಲ. ನನ್ನ ಶನಿವಾರದ ಹುಡುಗರು ಮಾಡುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಇದನ್ನು ಬರೀ ಅನುವಾದದ ತಪ್ಪು ಅನ್ನಬೇಡಿ. ದುಃಖ, ನೋವು, ಅಳು, ಈ ಪದಗಳು ನಮ್ಮ ಮನೆಯಲ್ಲಿ ಇರಲಿಲ್ಲವೇ? ಇದ್ದವು. ಆದರೆ ಅವನ್ನು ಯಾರೂ ಒಬ್ಬ ಗಂಡುಹುಡುಗನ ಕೈಗೆ ಕೊಟ್ಟಿರಲಿಲ್ಲ. ಕೊಟ್ಟದ್ದು ಇದೊಂದನ್ನು. ಗಂಡಸಿಗೆ ಬೋರ್ ಆಗಬಹುದು. ಅದರಿಂದ ಅವನ ಮರ್ಯಾದೆಗೆ ಏನೂ ಆಗುವುದಿಲ್ಲ.

ಫೋನಿನಲ್ಲಿ ಅಪ್ಪ ಪಕ್ಕದಲ್ಲಿದ್ದ, ಇಲ್ಲ ಅನ್ನುತ್ತಿದ್ದೆ. ಸ್ಕೂಲಿನಲ್ಲಿ ಅಪ್ಪ ಇರಲಿಲ್ಲ. ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿದ್ದಾಗ ಟೀಚರ್ ಬಂದು ಏನಾಯಿತು ಎಂದು ಕೇಳಿದರೆ ನಿಜ ಹೇಳಿದೆ. ಐಯಾಮ್ ಬೋರ್ಡ್. ಮರುದಿನ ಕೇಳಿದಾಗಲೂ ಹೇಳಿದೆ. ನನ್ನ ಕಷ್ಟವನ್ನು ಒಬ್ಬರು ದೊಡ್ಡವರಿಗೆ ಹೇಳಿಕೊಂಡೆ ಎಂದು ನನಗೆ ಎಷ್ಟೋ ಹಗುರವಾಯಿತು. ಅವಳು ನನ್ನ ಗಣಿತದ ಪೇಪರ್ ತೆಗೆದು ನೋಡಿದಳು. ಎಲ್ಲ ಸರಿ ಇತ್ತು. ಸಂಖ್ಯೆಗಳು ನನ್ನನ್ನು ಏನೂ ಕೇಳುತ್ತಿರಲಿಲ್ಲವಲ್ಲ, ಅದಕ್ಕೇ ನಾನು ಅವುಗಳ ಜೊತೆ ಚೆನ್ನಾಗಿರುತ್ತಿದ್ದೆ. ಇಂಡಿಯನ್ ಹುಡುಗ, ಗಣಿತದಲ್ಲಿ ಜೋರು, ಕ್ಲಾಸಿನಲ್ಲಿ ಬೋರು. ಅವರಿಗೆ ಇನ್ನೇನು ಬೇಕಿತ್ತು? ಟೆಸ್ಟ್ ಕೊಟ್ಟರು, ಪಾಸಾದೆ, ಜಾಣ ಮಕ್ಕಳ ಗಿಫ್ಟೆಡ್ ಕ್ಲಾಸಿಗೆ ಹಾಕಿದರು. ಒಬ್ಬ ಹುಡುಗ ಅಮ್ಮ ಬೇಕು ಅಂದದ್ದಕ್ಕೆ ಅವನಿಗೆ ಇನ್ನೂ ಕಷ್ಟದ ಭಿನ್ನರಾಶಿ ಕೊಟ್ಟರು. ಇದನ್ನು ಶನಿವಾರದ ಗುಂಪಿನಲ್ಲಿ ಹೇಳಿದರೆ ಹುಡುಗರು ನಗುತ್ತಾರೆ, ನಾನೂ ನಗುತ್ತೇನೆ. ಒಬ್ಬನೇ ಇದ್ದಾಗ ನಗು ಬರುವುದಿಲ್ಲ.

ಮನೆಯಲ್ಲಿ ಹಬ್ಬ. ಅಜ್ಜ ತುಪ್ಪ ಸುರಿದು ಶಿರಾ ಮಾಡಿದ. ಅದೇ ವಾರ ಅಪ್ಪನ ಕಾಲೇಜು ಗೆಳೆಯ ಸತೀಶ ಅಂಕಲ್ ಆಫೀಸಿನ ಕೆಲಸಕ್ಕೆ ಡಲ್ಲಾಸಿನಿಂದ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಬೆಂಗಳೂರಿನವರು, ಮಾತಿನಲ್ಲಿ ಯಾರನ್ನೂ ಬಿಡುವವರಲ್ಲ. ಕ್ಲಾಸು ಬೋರ್ ಆಗುತ್ತದೆ ಎಂದು ನಾನು ಹೇಳಿದ್ದು ಅವರಿಗೆ ಬಹಳ ಹಿಡಿಸಿತು. ತಮ್ಮ ಮಗನಿಗೆ ಫೋನ್ ಕೈಗೆ ಕೊಟ್ಟರೆ ಸಾಕು, ಜೀವಮಾನದಲ್ಲಿ ಬೋರ್ ಆಗುವುದಿಲ್ಲ, ಅದೇ ದೊಡ್ಡ ಚಿಂತೆ ಎಂದರು. ಸಂಜೆ ಮೂವರೂ ಹಿತ್ತಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಬರಿಗಾಲಲ್ಲಿ ಚೆಂಡು ಒದೆಯುತ್ತಾ ಬೇಲಿಯ ಹತ್ತಿರ ಹೋದವನು ಬೆಂಕಿ ಇರುವೆಯ ಗೂಡಿನ ಮೇಲೆ ಕಾಲಿಟ್ಟೆ. ಈ ಊರಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ಮೊದಲು ಏನೂ ಗೊತ್ತಾಗುವುದಿಲ್ಲ, ಆಮೇಲೆ ಎಲ್ಲ ಇರುವೆಗಳೂ ಮಾತಾಡಿಕೊಂಡ ಹಾಗೆ ಒಟ್ಟಿಗೆ ಕಚ್ಚುತ್ತವೆ. ಪಾದ, ಹಿಮ್ಮಡಿ, ಮೀನಖಂಡದವರೆಗೆ ಕೆಂಡ. ನಾನು ಬಾಯಿ ತೆರೆದೆ. ತೆರೆದವನು ಕುರ್ಚಿಗಳ ಕಡೆ ನೋಡಿದೆ. ಮೂವರು ಗಂಡಸರು ನನ್ನನ್ನೇ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಕಾಲು ಜಾಡಿಸಿ, ನಲ್ಲಿಯ ಹತ್ತಿರ ನಡೆದುಕೊಂಡು ಹೋದೆ. ಓಡಲಿಲ್ಲ.

"ಲೋ, ನೋಡೋ ನಿನ್ನ ಮಗನ್ನ. ಕಮಕ್ ಕಿಮಕ್ ಅನ್ಲಿಲ್ಲ. ಪಕ್ಕಾ ಟೆಕ್ಸಸ್ ಗಂಡು ಇವನು," ಎಂದರು ಸತೀಶ ಅಂಕಲ್.

ಅಪ್ಪನ ಮುಖ ಅರಳಿತು. ಅಜ್ಜ ಶಿರಾ ತಟ್ಟೆ ಕೆಳಗಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನಮ್ಮವ್ವ ತೀರಿಕೊಂಡಾಗ ನಾ ಇವನಷ್ಟೇ ಇದ್ದೆ. ಒಂದು ಹನಿ ಕಣ್ಣೀರು ಹಾಕಿಲ್ಲ."

ಸತೀಶ ಅಂಕಲ್ ತಲೆದೂಗಿದರು. ಅಪ್ಪ ಹೆಮ್ಮೆಯಿಂದ ತನ್ನ ಅಪ್ಪನನ್ನು ನೋಡಿದ. ನಾನೂ ನೋಡಿದೆ, ಅದೇ ಹೆಮ್ಮೆಯಿಂದ, ಕಾಲು ಉರಿಯುತ್ತಿದ್ದರೂ. ಈಗ ಆ ಮಾತು ನೆನಪಾದರೆ ಮೈ ಉರಿಯುತ್ತದೆ. ನನ್ನಷ್ಟೇ ಇದ್ದ ಒಬ್ಬ ಹುಡುಗ, ತಾಯಿ ಸತ್ತ ದಿನ ಅಳಲಿಲ್ಲ ಎಂದು ಅರವತ್ತು ವರ್ಷ ಆದಮೇಲೂ ಹೇಳಿಕೊಳ್ಳುತ್ತಿದ್ದಾನೆ. ಅಲ್ಲಿ ಕೂತ ಒಬ್ಬರಿಗಾದರೂ 'ಮತ್ತೆ ಏನು ಮಾಡಿದೆ' ಎಂದು ಕೇಳಬೇಕು ಅನ್ನಿಸಲಿಲ್ಲವಲ್ಲ. ಅದು ಪದಕ ಅಲ್ಲ ಮಾರಾಯರೇ, ಗಾಯ. ನಾವು ಅದಕ್ಕೆ ಚಪ್ಪಾಳೆ ತಟ್ಟಿದೆವು.

ಶುಕ್ರವಾರ ಅಮ್ಮ ಬಂದಾಗ ನನ್ನ ಕಾಲಿನ ತುಂಬ ಕೀವಿನ ಬೊಕ್ಕೆಗಳು. ಸ್ನಾನದ ಮನೆಯಲ್ಲಿ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಫೋನಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಇಟ್ಸ್ ಫೈನ್ ಅಂದೆ. ಮುಲಾಮು ಹಚ್ಚುವಾಗ ನೋಯುತ್ತಾ ಎಂದಳು. ಇಟ್ಸ್ ಫೈನ್. ಅವಳು ಮುಲಾಮಿನ ಮುಚ್ಚಳ ಹಾಕಿ ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಅಪ್ಪನ ಜೊತೆ ಅವಳು ಮಾತಾಡುವುದು ಮೆಟ್ಟಿಲ ಮೇಲೆ ಕೂತ ನನಗೆ ಕೇಳಿಸಿತು. ಆಫೀಸಿನಲ್ಲಿ ಹೊಸ ಪ್ರಾಜೆಕ್ಟು, ಶನಿವಾರವೂ ಇರಬೇಕು ಅನ್ನುತ್ತಿದ್ದಾರೆ, ಇವನನ್ನು ನೆನೆದು ಇಷ್ಟು ದಿನ ಆಗುವುದಿಲ್ಲ ಅಂದಿದ್ದೆ ಎಂದಳು.

"ಈಗ ನೋಡಿದ್ರೆ ಅವನಿಗೆ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ. ಹೋಗುವಾಗ ಹಲ್ಲು ಕಿರಿದು ಟಾಟಾ ಮಾಡ್ತಾನೆ. ಎರಡು ವಾರಕ್ಕೊಂದ್ಸಲ ಬಂದ್ರೂ ನಡೆಯುತ್ತೆ ಅನ್ಸುತ್ತೆ ಕಣ್ರಿ."

"ಛಲೋನೇ ಆತಲ್ಲ," ಎಂದ ಅಪ್ಪ. "ಗಟ್ಟಿ ಆಗ್ಯಾನ."

ಆಮೇಲೆ ನಲ್ಲಿ ನೀರಿನ ಶಬ್ದ ಬಂತು. ನಾನು ಮೆಟ್ಟಿಲ ಮೇಲೆ ಕೂತು ಎರಡು ವಾರ ಅಂದರೆ ಎಷ್ಟು ದೂರ ಎಂದು ಯೋಚಿಸಿದೆ. ಕೆಳಗೆ ಇಳಿದುಹೋಗಿ 'ಬೇಡ' ಅನ್ನಬೇಕಿತ್ತು, ಅಷ್ಟೇ. ಅಂದರೆ ಅಳು ಬರುತ್ತದೆ, ಅಳು ಬಂದರೆ ಅವಳು ಕಣ್ಣೀರು ತುಂಬಿಕೊಂಡು ಹೈವೇಗೆ ಹೋಗುತ್ತಾಳೆ. ಹೇಳಿದರೆ ಅಮ್ಮ ಸಾಯುತ್ತಾಳೆ, ಹೇಳದಿದ್ದರೆ ಬರುವುದಿಲ್ಲ. ಒಬ್ಬ ಹುಡುಗನನ್ನು ಗಟ್ಟಿ ಮಾಡುವುದು ಅಂದರೆ ಇದು. ಅವನನ್ನು ಇಂಥ ಜಾಗದಲ್ಲಿ ನಿಲ್ಲಿಸಿ, ಅವನು ಅಲ್ಲಾಡದೆ ನಿಂತದ್ದನ್ನು ನೋಡಿ ಸಂತೋಷಪಡುವುದು.

ನನ್ನನ್ನು ಉಳಿಸಿದ್ದು ಯಾರ ಜಾಣತನವೂ ಅಲ್ಲ. ಗಿಫ್ಟೆಡ್ ಕ್ಲಾಸಿನಲ್ಲೂ ನಾನು ಡೆಸ್ಕಿನ ಮೇಲೆ ತಲೆಯಿಟ್ಟೆ. ಅಲ್ಲೂ ಕೇಳಿದರು, ಅಲ್ಲೂ ಬೋರ್ಡ್ ಅಂದೆ. ಆಗ ಸ್ಕೂಲಿನವರಿಗೆ ಇವನು ನಾವು ತಿಳಿದದ್ದಕ್ಕಿಂತಲೂ ದೊಡ್ಡ ಮೇಧಾವಿ ಇರಬೇಕು ಅನ್ನಿಸಿತು. ಒಂದು ಗ್ರೇಡು ಹಾರಿಸಿ ಮುಂದಕ್ಕೆ ಹಾಕುವ ಬಗ್ಗೆ ಮಾತಾಡಲು ಅಪ್ಪ ಅಮ್ಮ ಇಬ್ಬರನ್ನೂ ಕರೆದರು. ಅಪ್ಪ ಅರ್ಧ ದಿನ ರಜೆ ಹಾಕಿ, ಮದುವೆಗೆ ಹಾಕುವ ನೀಲಿ ಅಂಗಿ ಇಸ್ತ್ರಿ ಮಾಡಿಕೊಂಡು ಬಂದ. ಅಮ್ಮ ಶುಕ್ರವಾರ ಬೆಳಿಗ್ಗೆಯೇ ಆಸ್ಟಿನ್ ಬಿಟ್ಟು ಸೀದಾ ಸ್ಕೂಲಿಗೆ ಬಂದಳು. ಅಲ್ಲಿನ ಕೌನ್ಸೆಲರ್ ಮಿಸ್ಟರ್ ಕೋಲ್ ಎತ್ತರದ ಮನುಷ್ಯ, ಬೂಟು ಹಾಕುತ್ತಿದ್ದ, ಮಾತು ಎಳೆದು ಎಳೆದು ಆಡುತ್ತಿದ್ದ. ಹಿಂದಿನ ದಿನ ನನ್ನನ್ನು ಕೂರಿಸಿಕೊಂಡು ಬಾಸ್ಕೆಟ್‌ಬಾಲ್ ವಿಷಯ ಮಾತಾಡುತ್ತಾ, ಯಾವಾಗ ಬೋರ್ ಆಗುತ್ತದೆ, ಎಷ್ಟು ಆಗುತ್ತದೆ ಎಂದೆಲ್ಲ ಕೇಳಿದ್ದ. ಅವನಿಗೂ ಏನೂ ಹೊಳೆದಿರಲಿಲ್ಲ. ನಾನು ಹೇಳಿದ್ದನ್ನು ಹಾಗೇ ಅಪ್ಪ ಅಮ್ಮನಿಗೆ ಒಪ್ಪಿಸಿದ. ಸೋಮವಾರ ಎಲ್ಲಕ್ಕಿಂತ ಜಾಸ್ತಿ ಬೋರ್ ಅನ್ನುತ್ತಾನೆ, ಮನೆಯಲ್ಲೂ ಬೋರ್ ಅನ್ನುತ್ತಾನೆ, ಕೆಲವು ಸಲ ಗಂಟಲು ನೋಯುವಷ್ಟು ಬೋರ್ ಆಗುತ್ತದಂತೆ, ಇಂಥ ಹುಡುಗನಿಗೆ ನಾವು ತಕ್ಕ ಸವಾಲು ಕೊಡುತ್ತಿಲ್ಲ ಎಂದು ನನಗೆ ಅನ್ನಿಸುತ್ತದೆ ಎಂದ. ಅಪ್ಪ ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದ. ಅಮ್ಮ ಆಡಿಸಲಿಲ್ಲ. ಗಂಟಲು ಎಂದಾಗಲೇ ಅವಳು ನನ್ನ ಕಡೆ ತಿರುಗಿದ್ದಳು. ಇಂಗ್ಲಿಷಿನ ಆ ರೂಮಿನಲ್ಲಿ, ಮಿಸ್ಟರ್ ಕೋಲ್ ಇದ್ದಾನೆ ಎಂಬುದನ್ನೂ ನೋಡದೆ, ಕನ್ನಡದಲ್ಲಿ ಕೇಳಿದಳು:

"ಪುಟ್ಟ, ಬೋರ್ಡ್ ಅಂದ್ರೆ ಏನು? ಕನ್ನಡದಲ್ಲಿ ಹೇಳು."

ಅವಳಿಗೆ ಗೊತ್ತಿಲ್ಲವೇ ಎಂದು ನನಗೆ ಆಶ್ಚರ್ಯವಾಯಿತು.

"ಬೇಜಾರು," ಅಂದೆ.

"ಸೋಮವಾರ ಯಾಕೆ ಬೇಜಾರು?"

ನಾನು ಅಪ್ಪನ ಕಡೆ ನೋಡಿದೆ. ಏನು ಹೇಳಲಿ ಎಂದಲ್ಲ, ಹೇಳಬಹುದಾ ಎಂದು. ಅಮ್ಮ ನಾನು ನೋಡಿದ್ದನ್ನು ನೋಡಿದಳು. ಅವಳಿಗೆ ಉತ್ತರ ಸಿಕ್ಕಿತು. ಅಪ್ಪನಿಗೆ ಮಾತ್ರ ಇನ್ನೂ ಏನೂ ತಿಳಿದಿರಲಿಲ್ಲ. ಅವನು ಮಿಸ್ಟರ್ ಕೋಲ್ ಕಡೆ ನಗುತ್ತಾ, ಇವನು ಮನೆಯಲ್ಲಿ ಬಹಳ ಸ್ಟ್ರಾಂಗ್ ಬಾಯ್, ಏನೂ ತೊಂದರೆ ಇಲ್ಲ, ಗ್ರೇಡು ಯಾವಾಗಿನಿಂದ ಬದಲಾಗುತ್ತದೆ ಎಂದು ಕೇಳಿದ. ಅಮ್ಮ ಎದ್ದು ನಿಂತು ಗ್ರೇಡು ಹಾರಿಸುವುದು ಬೇಡ, ಇವನಿಗೆ ಬೋರ್ ಆಗಿಲ್ಲ ಎಂದು ಹೇಳಿ ನನ್ನ ಕೈ ಹಿಡಿದುಕೊಂಡು ಹೊರಗೆ ಬಂದಳು.

ಪಾರ್ಕಿಂಗ್ ಲಾಟಿನಲ್ಲಿ, ಅವಳ ಕಾರಿನೊಳಗೆ, ನಾನು ಎಲ್ಲವನ್ನೂ ಹೇಳಿದೆ. ಇಂಗ್ಲಿಷಿನಲ್ಲೇ ಹೇಳಿದೆ, ಆದರೆ ಅಪ್ಪನ ಮಾತನ್ನು ಮಾತ್ರ ಅಪ್ಪನ ಕನ್ನಡದಲ್ಲಿ, ಲಾಂಡ್ರಿ ಮೆಷಿನ್ನಿನ ಮೇಲೆ ಕೂತು ಕೇಳಿದ ಹಾಗೇ. ನಾನು ನಕ್ಕದ್ದರಿಂದ ಅವಳಿಗೆ ಇಷ್ಟು ದಿನ ಏನೂ ಆಗಿಲ್ಲ ಎಂದೂ ಹೇಳಿದೆ. ಅಪ್ಪ ಅಷ್ಟರಲ್ಲಿ ಕಿಟಕಿಯ ಹತ್ತಿರ ಬಂದು ನಿಂತಿದ್ದ.

"ಮನೀ ವಿಷಯ ಅವರ ಮುಂದ ಕೇಳೂದಿತ್ತೇನು?" ಎಂದ. "ಮಾನ ಹೋತು."

ಅಮ್ಮ ಕಿಟಕಿ ಪೂರ್ತಿ ಇಳಿಸಿದಳು. ಅವಳು ಕೂಗಲಿಲ್ಲ.

"ನನ್ನ ಜೀವ ಇವನ ಕೈಯಲ್ಲಿ ಕೊಟ್ಟಿದ್ರಲ್ಲ ನೀವು. ಪ್ರತಿ ಭಾನುವಾರ. ಇವನು ಅತ್ರೆ ನಾನು ಸಾಯ್ತೀನಿ ಅಂತ. ಯಾವ ಗಂಡಸು ಹೊರ್ತಾನೆ ರೀ ಅದನ್ನ? ನೀವು ಹೊರ್ತೀರಾ?"

ಅಪ್ಪ ಬಾಯಿ ತೆರೆದ. ಹಂಗಲ್ಲ ಅಂದ. ಮತ್ತೆ ಹಂಗಲ್ಲ ಅಂದ. ಆಮೇಲೆ ತನ್ನ ಕಾರಿನ ಕಡೆ ನಡೆದ.

ನಮ್ಮವರು ಇದನ್ನು ಅರ್ಥ ಮಾಡಿಕೊಂಡ ರೀತಿ ಕೇಳಿ. ಶನಿವಾರ ಸತೀಶ ಅಂಕಲ್ ಡಲ್ಲಾಸಿನಿಂದ ಫೋನ್ ಮಾಡಿದರು, ವಿಷಯ ಹೇಗೋ ಗೊತ್ತಾಗಿತ್ತು. ಹೆಂಗಸು ಮನೆ ಬಿಟ್ಟು ಹೊರಟರೆ ಮಕ್ಕಳಿಗೆ ಹೀಗೇ ಆಗುವುದು, ಅವಳಿಗೆ ಕೆಲಸ ಬಿಡಲು ಹೇಳು ಎಂದು ಸ್ಪೀಕರಿನಲ್ಲಿ, ಅಮ್ಮನಿಗೂ ಕೇಳುವ ಹಾಗೆ ಹೇಳಿದರು. ಇದು ನನ್ನನ್ನು ಇವತ್ತಿಗೂ ಕುದಿಸುತ್ತದೆ. ಮೊದಲು ಹುಡುಗನ ಬಾಯಿ ಕಟ್ಟಿದವರು ಯಾರು? ಕಟ್ಟಿದ ಬಾಯಿ ನೋಡಿ ಭಲೇ ಅಂದವರು ಯಾರು? ಕೊನೆಗೆ ಅದರ ತಪ್ಪು ಹೊತ್ತದ್ದು ಮಾತ್ರ ಅಮ್ಮನ ನೌಕರಿ. ಅಮ್ಮ ಆಸ್ಟಿನ್ನಿಗೆ ಹೋದದ್ದರಿಂದ ನನಗೆ ದುಃಖವಾಗಿತ್ತು, ನಿಜ. ದುಃಖ ಆಗಬೇಕಾದದ್ದೇ. ಅಮ್ಮ ದೂರ ಹೋದರೆ ಮಗನಿಗೆ ಇನ್ನೇನಾಗಬೇಕು? ಅದೊಂದು ಕಾಯಿಲೆ ಅಲ್ಲ. ಅದನ್ನು ಒಳಗೆ ಕೂಡಿಹಾಕಿ ಬಾಗಿಲಿಗೆ ಗಂಡಸುತನ ಎಂದು ಬೋರ್ಡು ಹಾಕಿದ್ದು ಕಾಯಿಲೆ. ಅಮ್ಮ ಕೆಲಸ ಬಿಡಲಿಲ್ಲ. ಹೊಸ ಪ್ರಾಜೆಕ್ಟಿನವರಿಗೆ ಶನಿವಾರ ಆಗುವುದಿಲ್ಲ, ಪ್ರತಿ ವಾರ ಮನೆಗೆ ಹೋಗಬೇಕು ಎಂದು ಹೇಳಿಬಿಟ್ಟಳು.

ಭಾನುವಾರ ಸಂಜೆ ಬಂತು. ಗ್ಯಾರೇಜಿನ ಬಾಗಿಲು ಮೇಲೆದ್ದಿತು, ಅವಳು ಬ್ಯಾಗು ಹಿಂದಿನ ಸೀಟಿಗೆ ಹಾಕಿ ಕಾರು ಸ್ಟಾರ್ಟ್ ಮಾಡಿದಳು. ನಾನು ಮೇಲ್‌ಬಾಕ್ಸಿನ ಹತ್ತಿರ ಹೋಗಿ ನಿಂತೆ. ಅಭ್ಯಾಸ. ಹಲ್ಲು ಬಿಡಲು ನೋಡಿದೆ, ತುಟಿ ಸರಿಯಾಗಿ ಕೂರಲಿಲ್ಲ. ಕಾರು ಡ್ರೈವ್‌ವೇ ಅರ್ಧ ಇಳಿದದ್ದು ಅಲ್ಲೇ ನಿಂತಿತು. ಅಮ್ಮ ಎಂಜಿನ್ ಆಫ್ ಮಾಡಿ ಇಳಿದು ಬಂದು, ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಸಿಮೆಂಟಿನ ಮೇಲೆ ಕೂತಳು. ನನ್ನನ್ನು ಎಳೆದು ಮಡಿಲಿಗೆ ಹಾಕಿಕೊಳ್ಳಲಿಲ್ಲ, ಅಳು ಅನ್ನಲಿಲ್ಲ, ಅಳಬೇಡ ಅನ್ನಲಿಲ್ಲ. ಪಕ್ಕದಲ್ಲಿ ಕೂತಳು, ಅಷ್ಟೇ. ಎದುರು ಮನೆಯವರು ಕಸದ ಡಬ್ಬಿ ಎಳೆದುಕೊಂಡು ಬಂದು ನಮ್ಮನ್ನು ನೋಡಿ ಕೈ ಎತ್ತಿದರು, ಅಮ್ಮನೂ ಎತ್ತಿದಳು. ನನಗೆ ಅಳು ಬಂತು. ಹೊಟ್ಟೆಯ ಕೆಳಗಿನಿಂದ ಬಂತು, ಅಸಹ್ಯವಾದ ದನಿಯಲ್ಲಿ, ಬಿಕ್ಕು ಬಿಕ್ಕಾಗಿ. ನಿಲ್ಲುತ್ತದೆ ಅಂದುಕೊಂಡರೆ ಮತ್ತೆ ಶುರುವಾಗುತ್ತಿತ್ತು. ಹಿಂದೆ ಗ್ಯಾರೇಜಿನಲ್ಲಿ ನಿಂತ ಅಪ್ಪ ಸಾಕು ಬಿಡೋ, ಆಕಿಗೆ ಹೊತ್ತಾಗ್ತದ ಅಂದ. ಅಮ್ಮ ಹಿಂತಿರುಗಿ ನೋಡದೆ, ಇವನಿಗೆ ಇನ್ನೂ ಸಾಕಾಗಿಲ್ಲ ಎಂದಳು. ಅವಳ ಕಣ್ಣಲ್ಲೂ ನೀರಿತ್ತು. ನಾನು ಹೆದರಿ ಅದನ್ನೇ ನೋಡಿದೆ. ಅವಳು ವೇಲಿನಿಂದ ಕಣ್ಣು ಒರೆಸಿಕೊಂಡು, ಮೂಗು ಸೀಟಿ, ನೋಡು, ಒಣಗಿತು ಎಂದಳು. ನನಗೂ ಸಾಕಾದ ಮೇಲೆ ಎದ್ದು, ಹಿಂಭಾಗದ ಧೂಳು ಕೊಡವಿಕೊಂಡು, ಕಾರು ಹತ್ತಿ ಹೋದಳು. ನಾನು ಕೈ ಬೀಸಿದೆನೋ ಇಲ್ಲವೋ ನೆನಪಿಲ್ಲ.

ಒಳಗೆ ಬಂದರೆ ಅಜ್ಜ ಚಪಾತಿ ಮಾಡಿಟ್ಟಿದ್ದ, ಬದನೆಕಾಯಿ ಪಲ್ಯ. ನನಗೆ ಹಸಿವಾಗಿತ್ತು. ತಿಂದೆ. ಮ್ಯಾಲೆ ಮ್ಯಾಲೆ ಹಾಕಿಸಿಕೊಂಡು ತಿಂದೆ. ಅಜ್ಜ ಮಾತಾಡದೆ ಬಡಿಸುತ್ತಾ ಹೋದ. ಅಪ್ಪ ತಟ್ಟೆ ಹಾಕಿಕೊಳ್ಳಲೇ ಇಲ್ಲ. ಸಿಂಕಿನ ಹತ್ತಿರ ನಿಂತು ಕಿಟಕಿಯಿಂದ ಹೊರಗೆ, ಕಾರು ಇಲ್ಲದ ಡ್ರೈವ್‌ವೇ ನೋಡುತ್ತಿದ್ದ. ಅಜ್ಜ ಉಣ್ಣಲಿಕ್ಕೆ ಬಾ ಎಂದು ಕರೆದ. ಬೇಡ ಅಂದ. ಯಾಕೋ ಎಂದರೆ, ತಿರುಗದೆ ಹೇಳಿದ:

"ಗ್ಯಾಸ್ ಆಗೇದ."

ಅಜ್ಜ ಎದ್ದು ಓಮದ ಡಬ್ಬಿ ತೆಗೆದುಕೊಟ್ಟ. ಅಪ್ಪ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಿಟಕಿಯ ಕಡೆಗೇ ಮುಖ ಮಾಡಿ ಅಗಿಯುತ್ತಾ ನಿಂತ. ಅಮ್ಮ ತಲುಪಿದೆ ಎಂದು ಫೋನ್ ಮಾಡುವವರೆಗೂ ಹಾಗೇ ನಿಂತಿದ್ದ. ಆ ಅಡುಗೆಮನೆಯಲ್ಲಿ ನಾವು ಮೂವರು ಗಂಡಸರು ಇದ್ದೆವು, ಒಬ್ಬರೂ ಅಪ್ಪನನ್ನು ಇನ್ನೊಂದು ಪ್ರಶ್ನೆ ಕೇಳಲಿಲ್ಲ.